ಚೀರದ ಬಾಣಂತಿ

ಆಗ ನನಗೆ ಅರವತ್ತಾರು. ಇದು ನಡೆದು ನಾಲ್ಕು ವರ್ಷ ಆಯಿತು. ಕಂಪ್ಲಿಯಲ್ಲಿ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ನನ್ನ ಕೆಲಸ. ನಮ್ಮತ್ತೆ ಮಾಡುತ್ತಿದ್ದಳು, ಅವಳ ಕೈಕೆಳಗೆ ಕಲಿತೆ, ಗಂಡ ಸತ್ತ ಮೇಲೆ ಅದನ್ನೇ ಹಿಡಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರ ಸೊಟ್ಟ. ಪತ್ರಿಕೆಯಲ್ಲಿ ಇಂಥ ಕಡೆ ಎಲ್ಲರೂ ತಮಗೆ ಯಾರೋ ಮಾಡಿದ ಉಪಕಾರ ಬರೆಯುತ್ತಾರೆ. ನಾನು ಬರೆಯುತ್ತಿರುವುದು ನಾನು ಮಾಡಿದ ಅಪಕಾರ. ಓದಿ ಬೈಯುವವರು ಬೈಯಿರಿ.

ನೀರು ಹಾಕುವುದೆಂದರೆ ಸುಮ್ಮನೆ ಮೈ ತೊಳೆಯುವುದಲ್ಲ. ಬಾಣಂತಿಯನ್ನು ಬಚ್ಚಲಲ್ಲಿ ಮಣೆ ಮೇಲೆ ಕೂರಿಸಿ, ಹರಳೆಣ್ಣೆ ತಿಕ್ಕಿ, ಬೇವಿನ ಸೊಪ್ಪು ಹಾಕಿ ಕುದಿಸಿದ ನೀರನ್ನು ಸೊಂಟಕ್ಕೆ, ಬೆನ್ನಿಗೆ ರಪ್ಪ ರಪ್ಪ ಹೊಡೆಯಬೇಕು. ತಡೆದುಕೊಳ್ಳುವಷ್ಟು ಬಿಸಿ ಇರಬೇಕು. ಎಷ್ಟು ಬಿಸಿ ಅಂತ ನನ್ನ ಕೈಗೆ ತಿಳಿಯುವುದಿಲ್ಲ. ನಲವತ್ತು ವರ್ಷ ಕುದಿನೀರಲ್ಲಿ ಅದ್ದಿ ಅದ್ದಿ ಅಂಗೈ ಚರ್ಮ ಚಪ್ಪಲಿ ಅಟ್ಟೆಯಂತಾಗಿದೆ. ಬಾಣಂತಿಯ ಬಾಯೇ ನನಗೆ ಅಳತೆ. "ಹಾ" ಅಂದರೆ ಸರಿ ಇದೆ. "ಯವ್ವಾ" ಅಂದರೆ ಒಂದು ತಂಬಿಗೆ ತಣ್ಣೀರು ಬೆರೆಸಬೇಕು. "ಸತ್ತೆ" ಅಂದರೆ ನಿಲ್ಲಿಸಬೇಕು. ನಮ್ಮತ್ತೆ ಕಲಿಸಿದ್ದು ಇಷ್ಟೇ, ಇದರಲ್ಲಿ ನಾನು ಒಂದು ದಿನವೂ ತಪ್ಪಿರಲಿಲ್ಲ.

ಇನ್ನೊಂದು ಮಾತು. ಬಚ್ಚಲಲ್ಲಿ ಹೆಣ್ಣುಮಕ್ಕಳ ಮೈಮೇಲೆ ಏನೇನೋ ಕಾಣುತ್ತದೆ. ಬೆಲ್ಟಿನ ಬರೆ, ಬೀಡಿ ಸುಟ್ಟ ಗುರುತು, ಗಂಡನದಲ್ಲದ ಹೆಸರಿನ ಹಚ್ಚೆ. ಎಲ್ಲ ನೋಡಿದ್ದೇನೆ. ಒಬ್ಬಳ ಮನೆಯದನ್ನು ಇನ್ನೊಬ್ಬಳ ಮನೆಯಲ್ಲಿ ಆಡಿದವಳಲ್ಲ. ಅದಕ್ಕೇ ದೊಡ್ಡವರ ಮನೆಗಳೂ ನನ್ನನ್ನು ಕರೆಯುತ್ತಿದ್ದವು.

ರೈಸ್ ಮಿಲ್ಲಿನ ಶಂಕ್ರಮ್ಮನ ಮನೆ ಅಂಥದ್ದು. ಅವಳ ಮಗ ಶರಣಪ್ಪ ಹುಟ್ಟಿದಾಗ ಅವಳಿಗೆ ನೀರು ಹಾಕಿದವಳು ನಾನೇ. ಈಗ ಶರಣಪ್ಪನ ಹೆಂಡತಿಗೆ ಹೆಣ್ಣು ಹುಟ್ಟಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಆ ಹುಡುಗಿ ವೀಣಾಗೆ ತಾಯಿ ಇರಲಿಲ್ಲ. ಸಂಡೂರಿನಲ್ಲಿ ತಂದೆ ಒಬ್ಬನೇ. ಹಾಗಾಗಿ ಬಾಣಂತನ ಅತ್ತೆ ಮನೆಯಲ್ಲೇ ಅಂತ ಆಯಿತು.

ಮೊದಲ ದಿನವೇ ಅವಳಿಗೂ ನನಗೂ ತಂಟೆ. ಲಂಗವನ್ನು ಎದೆ ಮೇಲೆ ಬಿಗಿಯಾಗಿ ಕಟ್ಟಿಕೊಂಡು ಬಚ್ಚಲಿಗೆ ಬಂದಳು.

"ಬಿಚ್ಚವ್ವ ಅದನ್ನ. ಬಟ್ಟಿಗೆ ಎಣ್ಣಿ ತಿಕ್ಕ್ಲೇನು?"

"ಇರ್ಲಿ ಅಜ್ಜಿ. ಮ್ಯಾಲೆ ನಾನ ಹಚ್ಕೋತೀನಿ."

"ನನ್ನ ಮುಂದ ಎಂಥಾ ನಾಚ್ಕಿ? ನಿನ್ನ ಗಂಡಂದು ಉಚ್ಚಿ ಬಟ್ಟಿ ಒಗದಾಕಿ ನಾನು."

ಅವಳು ನಕ್ಕಳು, ಆದರೆ ಬಿಚ್ಚಲಿಲ್ಲ. ಹೊರಗೆ ಬಾಗಿಲಲ್ಲಿ ನಿಂತಿದ್ದ ಶಂಕ್ರಮ್ಮ, "ಬಿಡಬೇ ಹುಲಿಗೆವ್ವ. ತೋರಣಗಲ್ಲಾಗ ಆಫೀಸಿಗೆ ಹೋಗಾಕಿ ಅಕಿ, ನಮ್ಮಂಗಲ್ಲ. ನೀ ನೋಡಿದ್ರ ಮೈ ಹೊಲಸು ಆಗತೈತಿ ಅಂತ ಇರಬೇಕು" ಅಂದಳು. ಕೊಂಕು ಇತ್ತು, ಆದರೆ ಕೆಟ್ಟ ಮನಸ್ಸಿನ ಮಾತಲ್ಲ. ಸೊಸೆ ಮೇಲೆ ಅವಳಿಗೆ ಹೆಮ್ಮೆಯೇ ಇತ್ತು. ನಾನೂ ಹೋಗಲಿ ಅಂತ ಬಿಟ್ಟೆ. ಬಿಡಬಾರದಿತ್ತು.

ಐದನೇ ದಿನ ಹಾಲು ಕಟ್ಟಿತು. ಎಡಗಡೆ ಮೊಲೆ ಕಲ್ಲಿನಂತಾಗಿತ್ತು. ಕೂಸು ಬಾಯಿ ಹಾಕುತ್ತಿತ್ತು, ಹಾಲು ಬಾರದೆ ಮುಖ ಕೆಂಪಗೆ ಮಾಡಿ ಅಳುತ್ತಿತ್ತು. ಇದಕ್ಕೆ ನನಗೆ ಗೊತ್ತಿರುವುದು ಒಂದೇ ಮದ್ದು, ಉಪ್ಪಿನ ಗಂಟು. ಹರಳುಪ್ಪನ್ನು ಬಾಣಲೆಯಲ್ಲಿ ಚಟಪಟ ಅನ್ನುವ ತನಕ ಹುರಿದು, ಅರಿವೆಯಲ್ಲಿ ಕಟ್ಟಿ, ಹಾಲು ಕಟ್ಟಿದ ಜಾಗದಲ್ಲಿ ಒತ್ತಿ ಒತ್ತಿ ಕಾಸುವುದು. ಎಷ್ಟೋ ಜನಕ್ಕೆ ಮಾಡಿದ್ದೇನೆ. ಒಂದೆರಡು ಸಲ ಒತ್ತುವಷ್ಟರಲ್ಲಿ ಎಲ್ಲರೂ ಚೀರುತ್ತಾರೆ. ಆಗ ಸ್ವಲ್ಪ ಆರಿಸಿ ಮತ್ತೆ ಒತ್ತುತ್ತೇನೆ.

ವೀಣಾ ಚೀರಲಿಲ್ಲ.

ನೀರು ಹಾಕಿಸಿಕೊಂಡು ಒದ್ದೆ ಲಂಗದಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಬಟ್ಟೆ ಮೇಲಿಂದಲೇ ಗಂಟು ಇಟ್ಟೆ. ಒತ್ತಿದೆ. ಸುಮ್ಮನಿದ್ದಳು. ಉಪ್ಪು ಆರಿರಬೇಕು ಅಂದುಕೊಂಡು ಮತ್ತೆ ಹುರಿದು ತಂದೆ. ಮತ್ತೆ ಸುಮ್ಮನೆ. ಮೂರನೇ ಸಲ ಬಾಣಲೆ ಹೊಗೆಯಾಡುವ ತನಕ ಬಿಟ್ಟೆ. ತಂದು ಒತ್ತಿ ಹಿಡಿದೆ. ಅವಳು ಕಣ್ಣು ಮುಚ್ಚಿ ಏನೋ ಯೋಚನೆಯಲ್ಲಿದ್ದಳು. "ಗಟ್ಟಿ ಹುಡುಗಿ ಬೇ ನೀನು. ನಿಮ್ಮತ್ತಿ ಇದರಾಗ ಅರ್ಧ ಬಿಸಿಗೆ ಓಣಿ ಕೂಡಿಸಿದ್ಲು" ಅಂತ ಹೊಗಳಿದೆ. ಹೌದು, ಹೊಗಳಿದೆ.

ಆಮೇಲೆ ಅವಳು ಕಣ್ಣು ತೆರೆದು ಕೆಳಗೆ ನೋಡಿಕೊಂಡಳು. "ಅಜ್ಜಿ, ಬಟ್ಟಿ ಅಂಟೈತಿ ನೋಡು" ಅಂದಳು. ಒಲೆ ಮೇಲೆ ಹಾಲು ಉಕ್ಕಿದೆ ನೋಡು ಅನ್ನುವ ಹಾಗೆ, ಅಷ್ಟೇ ತಣ್ಣಗೆ.

ಲಂಗದ ಗಂಟು ನಾನೇ ಬಿಚ್ಚಿದೆ. ಬಟ್ಟೆಯ ಜೊತೆ ಚರ್ಮ ಎದ್ದು ಬಂತು. ಅಂಗೈಯಗಲ ಬೊಬ್ಬೆ ಒಡೆದು ಕೆಂಪಗೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಗೆರೆಗಳು. ತೊಟ್ಟಿನ ಸುತ್ತ ಒಂದು, ಅಲ್ಲಿಂದ ಕೆಳಗೆ ನೆಟ್ಟಗೆ ಒಂದು, ಮೊಲೆಯ ಬುಡದಲ್ಲಿ ಅಡ್ಡಕ್ಕೆ ಕುಡುಗೋಲಿನ ಹಾಗೆ ಒಂದು. ಎರಡೂ ಕಡೆ ಹಾಗೇ. ಗೆರೆ ಅಂದರೆ ತೆಳ್ಳಗಿಲ್ಲ, ಹುಣಸೆಕಾಯಿ ಅಂಟಿಸಿದ ಹಾಗೆ ಕಪ್ಪಗೆ, ಉಬ್ಬಿಕೊಂಡು ಇದ್ದವು. ನಲವತ್ತು ವರ್ಷದಲ್ಲಿ ಅಂಥದ್ದು ನೋಡಿರಲಿಲ್ಲ.

"ಕ್ಯಾನ್ಸರ್ ಏನವ್ವ?"

"ಅಲ್ಲಜ್ಜಿ."

"ಮತ್ತ ಯಾವನು ಕೊಯ್ದಾನು ಹಿಂಗ?"

"ನಾನ ಕೊಯ್ಸಿಕೊಂಡೀನಿ."

ಕೂಸು ಒಳಗೆ ಅಳುತ್ತಿತ್ತು. ನಾನು ಬೊಬ್ಬೆಗೆ ತಣ್ಣೀರು ಬಿಡುತ್ತಾ ಇದ್ದೆ. ಅವಳು ಸಣ್ಣ ದನಿಯಲ್ಲಿ ಹೇಳಿದಳು. ಕಾಲೇಜಿನಲ್ಲಿ ಭಾಳ ದಪ್ಪ ಇದ್ದಳಂತೆ. ನಡೆದು, ಉಪವಾಸ ಬಿದ್ದು, ಎರಡು ವರ್ಷದಲ್ಲಿ ಅರ್ಧ ಇಳಿದಳಂತೆ. ಮೈ ಇಳಿಯಿತು, ಎದೆ ಜೋತುಬಿತ್ತು. ಕೂತರೆ ಹೊಟ್ಟೆ ಮೇಲೆ ಬರುತ್ತಿದ್ದವಂತೆ. ನೌಕರಿ ಸಿಕ್ಕ ಮೇಲೆ, ಮದುವೆಗೆ ಮುಂಚೆ, ಗೆಳತಿಯ ಜೊತೆ ದೂರದ ಊರಿಗೆ ಹೋಗಿ ಆಪರೇಷನ್ ಮಾಡಿಸಿ ಎತ್ತಿ ಕಟ್ಟಿಸಿಕೊಂಡು ಬಂದಳಂತೆ. ತಂದೆಗೂ ಹೇಳಿರಲಿಲ್ಲ.

"ಹುಚ್ಚಿ" ಅಂದೆ. "ನಂದು ಹೊಕ್ಕಳ ಮುಟ್ಯಾವ. ಯಾರು ನೋಡ್ತಾರ?"

"ನಿನಗ ಅರವತ್ತಾರು ಅಜ್ಜಿ. ನನಗ ಆಗ ಇಪ್ಪತ್ಮೂರು."

ನಾನು ಇನ್ನೊಂದು ತಂಬಿಗೆ ತಣ್ಣೀರು ಬಿಟ್ಟೆ.

"ಗಾಯ ಮಾದ ಮ್ಯಾಲೆ ದಾರದಂಗ ಉಳೀತೈತಿ ಅಂದಿದ್ರು" ಅಂದಳು. "ಹಗ್ಗದಂಗ ಆತು. ನನ್ನ ಚರ್ಮದ ಗುಣ ಅಂತ. ಮುಲಾಮು ಹಚ್ಚಿದೆ, ಸೂಜಿ ಮಾಡಿಸಿದೆ, ಇಳೀಲಿಲ್ಲ. ಕೆಳಗಡೆ ಸ್ಪರ್ಶನೂ ಇಲ್ಲ. ಮರಗಟ್ಟೈತಿ. ನೀನು ಸುಡ್ತಿದ್ದದ್ದು ಗೊತ್ತ ಆಗ್ಲಿಲ್ಲ ನನಗ."

"ಶರಣಪ್ಪಗ ಗೊತ್ತೈತೇನು?"

"ಗೊತ್ತೈತಿ. ಲಗ್ನಕ್ಕ ಮುಂಚೆನ ಹೇಳೀನಿ. ಇರ್ಲಿ ಬಿಡು, ನಮ್ಮವ್ವಗ ಮಾತ್ರ ಗೊತ್ತಾಗಬಾರ್ದು ಅಂದಾನ. ಅಜ್ಜಿ, ನಿನ್ನ ಕಾಲು ಹಿಡೀತೀನಿ. ಅತ್ತಿಗೆ ಹೇಳಬ್ಯಾಡ. ಚಂದ ಕಾಣಾಕ ಎದಿ ಕೊಯ್ಸಿಕೊಂಡಾಕಿ ಅಂದ್ರ, ಮುಂದ ನಾನು ಏನು ಮಾಡಿದ್ರೂ ಈ ಮನ್ಯಾಗ ಅದನ್ನ ಅಂತಾರ."

"ನಾನು ಹೇಳಾಕಿ ಅಲ್ಲ" ಅಂದೆ. ಡಾಕ್ಟರಿಗೆ ತೋರಿಸು ಅಂದರೆ, ಅತ್ತೆ ಜೊತೆಗೆ ಬರುತ್ತಾಳೆ, ಬೇಡ ಅಂದಳು. ನಾನು ಒತ್ತಾಯ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅಂತ ಖರೇ ಹೇಳುತ್ತೇನೆ. ಡಾಕ್ಟರು ಮೊದಲು ಕೇಳುವುದು ಯಾರು ಸುಟ್ಟರು ಅಂತ. ಅವಳ ಗುಟ್ಟಿನ ಕೆಳಗೆ ನನ್ನ ತಪ್ಪೂ ಮುಚ್ಚಿಹೋಗುತ್ತದೆ ಅಂತ ನನಗೆ ಒಳಗೊಳಗೇ ಸಮಾಧಾನ ಆಗಿತ್ತು. ಲೋಳೆಸರ ಕೊಯ್ದು ತಂದು ಹಚ್ಚಿದೆ. ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ಮೂರು ದಿನ ನಡೆಯಿತು. ಗಾಯ ಕೀವು ತುಂಬಿತು. ಹುಡುಗಿಗೆ ಸಣ್ಣ ಜ್ವರ. ಕೂಸಿಗೆ ಒಂದೇ ಕಡೆ ಹಾಲು, ಅದೂ ಸಾಲದು. ಶಂಕ್ರಮ್ಮ ಡಬ್ಬಿ ಹಾಲು ತರಿಸಿದಳು. "ಇಷ್ಟ ಗಟ್ಟಿ ಮೈ ಇಟ್ಕೊಂಡು ಕೂಸಿಗೆ ಹಾಲಿಲ್ಲ ಅಂದ್ರ ಹೆಂಗ?" ಅಂತ ಗೊಣಗುತ್ತಿದ್ದಳು. ವೀಣಾ ನನ್ನ ಮುಖ ನೋಡುತ್ತಿದ್ದಳು. ನಾನು ಹಂಡೆ ನೋಡುತ್ತಿದ್ದೆ.

ಒಂಬತ್ತನೇ ದಿನ ಮುಂಜಾನೆ ಶಂಕ್ರಮ್ಮನ ತಂಗಿ ಹೊಸಪೇಟೆಯಿಂದ ಕೂಸು ನೋಡಲು ಬಂದಿದ್ದಳು. ಪಕ್ಕದ ಮನೆಯಾಕೆಯೂ ಇದ್ದಳು. ತಂಗಿಯ ಮಗಳು ಏಳು ತಿಂಗಳ ಬಸುರಿ. ಆ ಬಾಣಂತನಕ್ಕೂ ನಾನೇ ಬರಬೇಕು ಅಂತ ಮಾತಾಡುತ್ತಿದ್ದರು. ನಾನು ಪಡಸಾಲೆಯಲ್ಲಿ ಕೂತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದೆ. ವೀಣಾ ಕೋಣೆಯಿಂದ ಬಂದಳು. ಕುಪ್ಪಸದ ಎಡಗಡೆ ಹಳದಿ ಕಲೆ ಇಳಿದಿತ್ತು. ಶಂಕ್ರಮ್ಮ ಹಾಲು ಸೋರಿದೆ ಅಂದುಕೊಂಡು ಹತ್ತಿರ ಹೋಗಿ ಮೂಸಿದಳು. ಹಾಲಲ್ಲ. ಸೆರಗು ಸರಿಸಿ, ಕುಪ್ಪಸದ ಅಂಚು ಕೆಳಗೆ ಎಳೆದಳು. ಸುಟ್ಟ ಗಾಯದ ಮೇಲಂಚು ಕಂಡಿತು.

"ಏನಿದು? ಸುಟ್ಟೈತಿ ಇದು!"

ವೀಣಾ, "ಏನಿಲ್ಲತ್ತಿ, ಬಿಸಿನೀರು ಸಿಡೀತು" ಅಂದಳು. ನನ್ನನ್ನು ಉಳಿಸಲಿಕ್ಕೆ ಹಾಗಂದಳೋ ತನ್ನನ್ನು ಉಳಿಸಿಕೊಳ್ಳಲಿಕ್ಕೋ ಗೊತ್ತಿಲ್ಲ. ಶಂಕ್ರಮ್ಮ ನನ್ನ ಕಡೆ ತಿರುಗಿದಳು.

"ಲೇ ಹುಲಿಗಿ! ನನ್ನ ಸೊಸಿನ್ನ ಸುಟ್ಟು, ನಾಕು ದಿನದಿಂದ ನನ್ನ ಮನೀ ಚಾ ಕುಡಿಯಾಕತ್ತಿಯೇನು? ಅದಕ್ಕ ಕೂಸಿಗೆ ಹಾಲಿಲ್ಲ! ಕಣ್ಣು ಕಾಣಂಗಿಲ್ಲ ಅಂದ್ರ ಮನ್ಯಾಗ ಬಿದ್ದಿರಬೇಕಿಲ್ಲ ಮುದುಕಿ. ಇನ್ನ ಕಂಪ್ಲ್ಯಾಗ ಯಾರ ಬಚ್ಚಲಕ್ಕ ಕಾಲು ಇಡ್ತಿ ನೋಡ್ತೀನಿ."

ತಂಗಿ ಗಲ್ಲಕ್ಕೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಪಕ್ಕದ ಮನೆಯಾಕೆ ಆಗಲೇ ಎದ್ದು ನಿಂತಿದ್ದಳು, ಹೊರಗೆ ಹೋಗಿ ಹೇಳಲಿಕ್ಕೆ. ನಲವತ್ತು ವರ್ಷ ಒಬ್ಬರೂ ನನಗೆ ಹುಲಿಗಿ ಅಂದಿರಲಿಲ್ಲ.

"ನಾನು ಸುಟ್ಟಿಲ್ಲ" ಅಂದೆ. "ನಿನ್ನ ಸೊಸಿ ಎದಿ ಸತ್ತೈತಿ. ಬೆಂಕಿ ಇಟ್ರೂ ಗೊತ್ತಾಗಂಗಿಲ್ಲ ಅಕಿಗೆ. ಚಂದ ಕಾಣಬೇಕಂತ ಕೊಯ್ಸಿ ಹೊಲಿಸ್ಕೊಂಡಾಳ. ಬಿಚ್ಚಿ ನೋಡು, ಗೋಣಿಚೀಲ ಹೊಲದಂಗ ಐತಿ."

ಇದೇ ಮಾತು. ಒಂದೂ ಬಿಟ್ಟಿಲ್ಲ, ಒಂದೂ ಸೇರಿಸಿಲ್ಲ.

ನನ್ನ ಕಾಲ ಮೇಲಿದ್ದ ಕೂಸು ಎಣ್ಣೆ ಮೈಯಲ್ಲಿ ಕೈಕಾಲು ಆಡಿಸುತ್ತಿತ್ತು. ಶಂಕ್ರಮ್ಮ ಬಿಚ್ಚು ಅನ್ನಲಿಲ್ಲ. ವೀಣಾ ತಾನೇ ಬಿಚ್ಚಿದಳು. ಒಂದೊಂದೇ ಗುಂಡಿ ಬಿಚ್ಚಿ, ಕುಪ್ಪಸ ಎರಡು ಕಡೆ ಸರಿಸಿ, ಮೂವರ ಮುಂದೆ ನಿಂತಳು. "ನೋಡ್ರಿ" ಅಂದಳು.

ತಂಗಿ "ಅಯ್ಯ ಶಿವನ" ಅಂತ ಮುಖ ತಿರುಗಿಸಿದಳು. ಶಂಕ್ರಮ್ಮ ತಿರುಗಿಸಲಿಲ್ಲ. ಭಾಳ ಹೊತ್ತು ನೋಡಿದಳು.

"ನನಗ ಯಾಕ ಹೇಳಲಿಲ್ಲಬೇ?" ಅಂತ ಕೇಳಿದಳು. ಬೈದಂತಿರಲಿಲ್ಲ. ಆಮೇಲೆ ಫೋನ್ ಹಚ್ಚಿ ಮಗನನ್ನು ಮಿಲ್ಲಿನಿಂದ ಕರೆಸಿದಳು.

ಶರಣಪ್ಪ ತಲೆಯಲ್ಲೆಲ್ಲ ತೌಡಿನ ದೂಳು ಹೊತ್ತುಕೊಂಡೇ ಬಂದ. ಹೆಂಡತಿ ಅಷ್ಟೊತ್ತಿಗೆ ಸೆರಗು ಹೊದ್ದು ಕಂಬಕ್ಕೆ ಒರಗಿದ್ದಳು. ಶಂಕ್ರಮ್ಮ, "ನಿನ್ನ ಹೇಣ್ತಿ ಎದಿ ಆಪರೇಷನ್ ಮಾಡಿಸ್ಕೊಂಡಾಳಂತ. ನಿನಗ ಗೊತ್ತಿತ್ತೇನೋ?" ಅಂತ ಕೇಳಿದಳು.

ಅವನು ತಾಯಿಯನ್ನು ನೋಡಿದ, ಚಿಕ್ಕಮ್ಮನನ್ನು ನೋಡಿದ. ಹೆಂಡತಿಯನ್ನು ನೋಡಲಿಲ್ಲ. ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ, "ಇಲ್ಲವ್ವ. ನನಗೇನು ಗೊತ್ತು? ಹುಟ್ಟಿದಾಗಿಂದ ಇದ್ದ ಕಲೆ ಅಂದಿದ್ಲು" ಅಂದ.

ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ಆ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ಅವಳಿಗೆ ಮತ್ತು ನನಗೆ. ಅವಳು ನನ್ನ ಕಡೆ ನೋಡಿದಳು. ಆಗ ಒಂದು ಮಾತು ಸಾಕಿತ್ತು, "ಸುಳ್ಳು ಬೊಗಳಬ್ಯಾಡಲೇ ಶರಣ, ನಿನಗ ಗೊತ್ತೈತಿ ಅಂತ ನನಗ ಹೇಳ್ಯಾಳ" ಅಂತ. ಅವನು ಕೂಸಿದ್ದಾಗ ನಾನು ಕಾಲ ಮೇಲೆ ಹಾಕಿಕೊಂಡು ಎರೆದವಳು. ನನಗೆ ಅವನ ಭಯ ಇರಲಿಲ್ಲ. ಆದರೂ ಬಾಯಿ ಬರಲಿಲ್ಲ. ಶಂಕ್ರಮ್ಮನ ಸಿಟ್ಟು ನನ್ನ ಮೇಲಿಂದ ಆಗಷ್ಟೇ ಇಳಿದಿತ್ತು. ಮತ್ತೆ ಯಾಕೆ ಎಳೆದುಕೊಳ್ಳಲಿ ಅಂತ ಇರಬೇಕು. ಬೇಡದಾಗ ಎಷ್ಟು ಜಲ್ದಿ ಬಾಯಿ ತೆರೆದೆ, ಬೇಕಾದಾಗ ಅಷ್ಟೇ ಗಟ್ಟಿಯಾಗಿ ಮುಚ್ಚಿಕೊಂಡೆ.

ವೀಣಾ ಅಳಲಿಲ್ಲ, ಜಗಳ ಮಾಡಲಿಲ್ಲ. ಕೋಣೆಗೆ ಹೋಗಿ ತಂದೆಗೆ ಫೋನ್ ಮಾಡಿದಳು. ಶಂಕ್ರಮ್ಮ ಹೋಗು ಅನ್ನಲಿಲ್ಲ. ಅವಳ ಮೇಲೆ ಸುಳ್ಳು ಹೊರಿಸಬಾರದು. "ಮೊದ್ಲು ದವಾಖಾನಿಗೆ ನಡಿ, ಉಳಿದದ್ದು ಆಮ್ಯಾಲೆ" ಅಂತ ಎರಡು ಸಲ ಅಂದಳು. ಆ ಹುಡುಗಿ ಮನೆ ಬಿಟ್ಟದ್ದು ಅತ್ತೆಯ ಮಾತಿಗಲ್ಲ, ಗಂಡನ ಆ "ಇಲ್ಲವ್ವ"ಕ್ಕೆ. ಮಧ್ಯಾಹ್ನ ತಂದೆ ಕಾರು ಮಾಡಿಕೊಂಡು ಸಂಡೂರಿನಿಂದ ಬಂದ. ತೆಳ್ಳನೆ ಮನುಷ್ಯ. ಯಾರನ್ನೂ ಏನೂ ಕೇಳದೆ ಮಗಳ ಬ್ಯಾಗು ಎತ್ತಿಕೊಂಡ. ಅವಳು ಕೂಸನ್ನು ಬಲಗಡೆ ಅವಚಿಕೊಂಡು ಕಾರು ಹತ್ತಿದಳು. ಶರಣಪ್ಪ ಮಿಲ್ಲಿಗೆ ಹೋಗಿಬಿಟ್ಟಿದ್ದ.

ಮುಂದೆ ಆದದ್ದೂ ಹೇಳಿಬಿಡುತ್ತೇನೆ. ತಂದೆ ಅವತ್ತೇ ಹೊಸಪೇಟೆಯಲ್ಲಿ ದವಾಖಾನೆಗೆ ತೋರಿಸಿ ಕರೆದುಕೊಂಡು ಹೋದನಂತೆ. ಗಾಯ ಮಾಯಲು ತಿಂಗಳ ಮೇಲೆ ಹಿಡಿಯಿತು. ಹಳೆಯ ಗೆರೆಗಳ ಮೇಲೆ ಈಗ ನಾನು ಮಾಡಿದ ಕಲೆಯೂ ಉಬ್ಬಿ ಕೂತಿದೆ. ಶರಣಪ್ಪ ಎರಡು ಸಲ ಕರೆಯಲು ಹೋದ. ಎರಡು ಸಲವೂ ಅವಳು ಒಂದೇ ಮಾತು ಅಂದಳಂತೆ, "ನಿಮ್ಮವ್ವನ ಮುಂದ ನಿಂತು ಗೊತ್ತಿತ್ತು ಅನ್ನು, ಬರ್ತೀನಿ." ಅವನು ಇವತ್ತಿನ ತನಕ ಅಂದಿಲ್ಲ. ಅವಳು ಸಂಡೂರಿನಿಂದಲೇ ಆಫೀಸಿಗೆ ಹೋಗಿಬಂದು ಮಾಡುತ್ತಾಳೆ. ಕೂಸು ಅಂಗನವಾಡಿಗೆ ಹೋಗುತ್ತದೆ.

ನನಗೆ ಏನೂ ಆಗಲಿಲ್ಲ. ಕಂಪ್ಲಿಯ ಹೆಂಗಸರೆಲ್ಲ ನನ್ನ ಕಡೆಯೇ ಆದರು. "ಪಾಪ, ಅಜ್ಜಿಗೆ ಏನು ಗೊತ್ತು? ಅಕಿ ಮುಚ್ಚಿಟ್ಟಿದ್ಲು" ಅಂದರು. ಶಂಕ್ರಮ್ಮನ ತಂಗಿ ಮಗಳ ಬಾಣಂತನಕ್ಕೆ ನನ್ನನ್ನೇ ಕರೆದಳು, ಹೋದೆ. ಹೋದ ಮನೆಯಲ್ಲೆಲ್ಲ ಆ ಹುಡುಗಿಯ ಎದೆ ಹೇಗಿತ್ತು ಅಂತ ಕೇಳುತ್ತಾರೆ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಸುಳ್ಳಾಗಿದ್ದರೆ ತಪ್ಪಾಯಿತು ಅಂದು ವಾಪಸು ತಗೊಳ್ಳಬಹುದಿತ್ತು. ಶರಣಪ್ಪ ಅಂದದ್ದು ಸುಳ್ಳು ಅಂತ ಶಂಕ್ರಮ್ಮನಿಗೆ ಹೇಳಿದೆ, ಆದರೆ ವರ್ಷ ಕಳೆದ ಮೇಲೆ. "ಈಗ ಹೇಳ್ತಿಯೇನು?" ಅಂದಳು. ನಂಬಲಿಲ್ಲವೋ, ನಂಬಿದರೂ ಮಗನನ್ನು ಬಿಟ್ಟುಕೊಡಲಿಲ್ಲವೋ, ತಿಳಿಯದು.

ಇನ್ನು ಹೇಳಲು ಉಳಿದದ್ದು ವೀಣಾ ಹೋದ ಮರುದಿನ ಮುಂಜಾನೆಯ ಮಾತು. ಅವಳ ತವರಿನಲ್ಲಿ ಹೆಂಗಸು ಅಂತ ಯಾರೂ ಇಲ್ಲ. ಹತ್ತು ದಿನದ ಬಾಣಂತಿಗೆ ನೀರು ತಪ್ಪಬಾರದು. ಇಷ್ಟೇ ನನ್ನ ತಲೆಯಲ್ಲಿದ್ದದ್ದು, ಕ್ಷಮೆ ಗಿಮೆ ಅಲ್ಲ. ಮೊದಲ ಬಸ್ಸಿಗೆ ಹೊಸಪೇಟೆಗೆ ಹೋಗಿ, ಅಲ್ಲಿಂದ ಸಂಡೂರು ಬಸ್ ಹತ್ತಿದೆ. ಅದಿರು ಲಾರಿಗಳ ಕೆಂಪು ದೂಳು ತಿನ್ನುತ್ತಾ ಇಳಿದು, ಕೇಳಿ ಕೇಳಿ ಮನೆ ಹುಡುಕಿದೆ. ಬಾಗಿಲು ತೆಗೆದದ್ದು ತಂದೆ.

"ನೀನು ಯಾಕ ಬಂದಿ?"

"ನೀರು ಹಾಕಾಕ."

"ನೀ ಮಾಡಿದ್ದು ಸಾಕು, ಹೋಗವ್ವ" ಅಂತ ಬಾಗಿಲು ಮುಚ್ಚಲು ಹೋದ. ನಾನು ಹೊಸ್ತಿಲ ಹೊರಗೆ ಹಾಗೇ ನಿಂತೆ. ಒಳಗಿನಿಂದ ವೀಣಾಳ ದನಿ ಬಂತು.

"ಬರ್ಲಿ ಬಿಡಪ್ಪ. ಇನ್ನ ಅಕಿ ನೋಡೋದು ಏನು ಉಳದೈತಿ?"

ಚಪ್ಪಲಿ ಹೊರಗೆ ಬಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಚ್ಚಲು ಎಲ್ಲಿದೆ ಅಂತ ಕೇಳಿದೆ.